ಮನೆಗೆ ಫೈಬರ್ ಸಂಪರ್ಕ: ಉಪಕರಣಕ್ಕೆ ತಕ್ಕ ಸ್ಥಳದ ಆಯ್ಕೆ

ಆಪ್ಟಿಕಲ್ ಫೈಬರ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸಿದ ಮನೆಗೆ ತಂತ್ರಜ್ಞರು ಬಂದಾಗ ಕೇಳುವ ಮೊದಲ ಪ್ರಶ್ನೆ, ಪೆಟ್ಟಿಗೆಯನ್ನು ಎಲ್ಲಿ ಕೂಡಿಸಬೇಕು ಎಂಬುದು. ಉತ್ತರ ಸಿದ್ಧವಿಲ್ಲದ ಮನೆಗಳಲ್ಲಿ ಕೇಬಲ್ ಒಳಬಂದ ಗೋಡೆಯೇ, ಅಂದರೆ ಹೆಚ್ಚಾಗಿ ತಲೆಬಾಗಿಲ ಪಕ್ಕವೇ, ಅದರ ಸ್ಥಳವಾಗಿಬಿಡುತ್ತದೆ. ಹತ್ತು ನಿಮಿಷಗಳಲ್ಲಿ ಆದ ಈ ನಿರ್ಧಾರದ ಫಲವನ್ನು ಮನೆಯವರು ವರ್ಷಗಟ್ಟಲೆ ಅನುಭವಿಸಬೇಕಾಗುತ್ತದೆ. ಪಡಸಾಲೆಯಲ್ಲಿ ವೇಗ ಸಮೃದ್ಧವಾಗಿರುತ್ತದೆ. ಒಳಕೋಣೆಯಲ್ಲಿ ಪರೀಕ್ಷೆಗೆ ಓದುವ ಮಗುವಿನ ಪಾಠ ಮಾತ್ರ ನಡುವೆ ನಿಲ್ಲುತ್ತಿರುತ್ತದೆ. ಆದುದರಿಂದ ಗ್ರಾಮ ಪಂಚಾಯತಿ ಸದಸ್ಯರೂ ಅರಿವು ಕೇಂದ್ರಗಳ ಮೇಲ್ವಿಚಾರಕರೂ ಈ ವಿಷಯವನ್ನು ತಿಳಿದು, ಅರ್ಜಿದಾರರಿಗೆ ಮುಂಚಿತವಾಗಿಯೇ ತಿಳಿಸುವುದು ಅಪೇಕ್ಷಣೀಯ.

ಗ್ರಾಮ ಪಂಚಾಯತಿಗಳಿಗೆ ಫೈಬರ್ ತಲುಪಿಸುವ ರಾಷ್ಟ್ರೀಯ ಜಾಲಕ್ಕೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿತು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಅದರ ಪರಿಷ್ಕೃತ ಕಾರ್ಯಕ್ರಮವು ಗ್ರಾಮೀಣ ಮನೆಗಳ ಸಂಪರ್ಕಕ್ಕೂ ಒತ್ತು ನೀಡಿದೆ.  ಮನೆಯೊಳಗೆ ಪೆಟ್ಟಿಗೆಯ ಸ್ಥಳ ಮನೆಯವರ ವಿವೇಚನೆಗೆ ಬಿಟ್ಟದ್ದು.

ಮೊದಲು ಒಂದು ಲೆಕ್ಕವನ್ನು ಗಮನಿಸಬೇಕು. ಫೈಬರ್ ಎಂಬ ಗಾಜಿನ ಎಳೆಯಲ್ಲಿ ಸಾಗುವ ಬೆಳಕು ಒಂದು ಕಿಲೋಮೀಟರಿಗೆ ಸುಮಾರು 0.35 ಡೆಸಿಬಲ್‌ನಷ್ಟು ಕ್ಷೀಣಿಸುತ್ತದೆ. ಮೂರು ಡೆಸಿಬಲ್ ಕಳೆದರೆ ಶಕ್ತಿ ಅರ್ಧವಾಯಿತೆಂದು ಅರ್ಥ. ಮನೆಯೊಳಗೆ 30 ಮೀಟರ್ ಹೆಚ್ಚು ಕೇಬಲ್ ಎಳೆದರೆ ಆಗುವ ನಷ್ಟ 0.01 ಡೆಸಿಬಲ್ ಮಾತ್ರ. ಅದು ಲೆಕ್ಕಕ್ಕೇ ಬಾರದು. ಆದರೆ ಪೆಟ್ಟಿಗೆಯಿಂದ ಹೊರಡುವ ವೈಫೈ ಅಲೆ ಒಂದೇ ದಪ್ಪ ಗೋಡೆಯನ್ನು ದಾಟುವಷ್ಟರಲ್ಲಿ ಹಲವು ಡೆಸಿಬಲ್ ಕಳೆದುಕೊಳ್ಳುತ್ತದೆ. ಆದ್ದರಿಂದ ಉದ್ದ ಮಾಡಬೇಕಾದದ್ದು ಫೈಬರನ್ನು. ವೈಫೈ ಅಲೆ ನಡೆಯಬೇಕಾದ ದಾರಿ ಚಿಕ್ಕದಿರಬೇಕು. ಇನ್ನೊಂದು ಮಾತು. ಕೇಬಲ್‌ನ ನಡುವೆ ಹಾಕುವ ಒಂದು ಕನೆಕ್ಟರ್ ಜೋಡಣೆಯ ನಷ್ಟವು ಸುಮಾರು ಒಂದು ಕಿಲೋಮೀಟರ್ ಕೇಬಲ್‌ನ ನಷ್ಟಕ್ಕೆ ಸಮ. ಆದಕಾರಣ ತುಂಡುಗಳನ್ನು ಕೂಡಿಸುವ ಬದಲು ಒಂದೇ ಅಖಂಡ ಕೇಬಲನ್ನು ಕೇಳಿ ಪಡೆಯುವುದು ಮೇಲು.

ಖಾನಾಪುರ ತಾಲೂಕಿನ ಹಳೆಯ ಮನೆಗಳಲ್ಲಿ ಈ ಲೆಕ್ಕಕ್ಕೆ ಹೆಚ್ಚಿನ ಬೆಲೆಯಿದೆ. ಜಾಂಬೋಟಿ, ಕಣಕುಂಬಿಯ ಕಡೆ ಜಂಬಿಟ್ಟಿಗೆ ಕಲ್ಲಿನ ಗೋಡೆಗಳು ಒಂದು ಅಡಿಗೂ ಮೀರಿ ದಪ್ಪವಿರುವುದುಂಟು. ಜಂಬಿಟ್ಟಿಗೆ ರಂಧ್ರಮಯವಾದ ಕಲ್ಲು. ಮಳೆಗಾಲದಲ್ಲಿ ನೀರು ಹೀರುತ್ತದೆ, ನೀರು ವೈಫೈ ಅಲೆಯನ್ನು ಹೀರುತ್ತದೆ. ಬೇಸಿಗೆಯಲ್ಲಿ ಅಡುಗೆಮನೆಯವರೆಗೆ ತಲುಪುತ್ತಿದ್ದ ಸಂಕೇತ ಆಷಾಢದಲ್ಲಿ ಕುಗ್ಗಿದರೆ ದೋಷವನ್ನು ಕಂಪನಿಯಲ್ಲಿ ಮಾತ್ರ ಹುಡುಕಬಾರದು. ಇಂತಹ ಮನೆಗಳಲ್ಲಿ ಬಾಗಿಲುಗಳು ಒಂದೇ ಸಾಲಿನಲ್ಲಿ ತೆರೆದುಕೊಳ್ಳುವ ನಡುಮನೆಯೇ ಪ್ರಶಸ್ತ ಸ್ಥಳ. ಅಲೆ ಗೋಡೆಯನ್ನು ಭೇದಿಸುವ ಬದಲು ಬಾಗಿಲಿನ ಮೂಲಕ ಹೋಗುತ್ತದೆ. ನೆಲದಿಂದ ಐದಾರು ಅಡಿ ಎತ್ತರದಲ್ಲಿರಲಿ. ಕಬ್ಬಿಣದ ತಿಜೋರಿಯ ಹಿಂದೆ, ಟಿ.ವಿ.ಯ ಹಿಂಬದಿಗೆ, ದೊಡ್ಡ ಕನ್ನಡಿಯ ಮಗ್ಗುಲಿಗೆ ಇಡುವುದು ಸಲ್ಲದು. ಅಂದಕ್ಕಾಗಿ ಶೋಕೇಸಿನ ಒಳಗೆ ಮುಚ್ಚಿಡುವವರೂ ಇದ್ದಾರೆ. ಪೆಟ್ಟಿಗೆ ಬಿಸಿಯಾಗುತ್ತದೆ, ಅದಕ್ಕೆ ಗಾಳಿ ಬೇಕು.

ಬೆಳಗಾವಿ ನಗರದ ಸಮಸ್ಯೆ ಬೇರೆ. ಶಹಾಪುರ, ವಡಗಾವಿ, ಖಾಸಬಾಗಗಳ ನೇಕಾರ ಮನೆಗಳಲ್ಲಿ ಮಗ್ಗವೂ ವಾಸವೂ ಒಂದೇ ಸೂರಿನಡಿ ಇರುತ್ತವೆ. ಹತ್ತಿಯ ನವಿರು ಧೂಳು ಪೆಟ್ಟಿಗೆಯ ಗಾಳಿಕಿಂಡಿಗಳನ್ನು ಮುಚ್ಚುತ್ತದೆ. ವಿದ್ಯುತ್ ಮಗ್ಗದ ನಡುಕ ಗೋಡೆಯ ಮೊಳೆಯನ್ನು ಸಡಿಲಿಸುತ್ತದೆ. ಮಗ್ಗದ ಕೋಣೆಯಾಚೆಗೆ ಪೆಟ್ಟಿಗೆಯನ್ನಿಟ್ಟು, ಅವಶ್ಯವಿದ್ದರೆ ಒಂದು ಲ್ಯಾನ್ ತಂತಿಯನ್ನು ಒಳಗೆ ಎಳೆಯುವುದು ಲೇಸು. ಎರಡು ಮೂರು ಅಂತಸ್ತಿನ ಕಾಂಕ್ರೀಟ್ ಮನೆಗಳಲ್ಲಿ ಸ್ಲ್ಯಾಬಿನೊಳಗಿನ ಕಬ್ಬಿಣವು ಅಲೆಯನ್ನು ತಡೆಯುತ್ತದೆಯಾದ್ದರಿಂದ, ಮೆಟ್ಟಿಲಿನ ಬಯಲಿಗೆ ಹತ್ತಿರವಿರುವ ಸ್ಥಳವನ್ನು ಆರಿಸಬೇಕು. ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು.

ವಿದ್ಯುತ್ತಿನ ವಿಷಯವನ್ನು ಜನ ಕೊನೆಗೆ ಯೋಚಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಮೊದಲು ಬರಬೇಕು. ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಹರಿದುಬರುತ್ತಿತ್ತು, ಹೀಗಾಗಿ ಕರೆಂಟು ಹೋದರೂ ಮಾತು ನಿಲ್ಲುತ್ತಿರಲಿಲ್ಲ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದು. ಮನೆಯ ಕರೆಂಟು ಹೋದೊಡನೆ ಪೆಟ್ಟಿಗೆಯೂ ಅದಕ್ಕೆ ಜೋಡಿಸಿದ ದೂರವಾಣಿಯೂ ಸ್ತಬ್ಧವಾಗುತ್ತವೆ. ಮೊಬೈಲ್ ಸಂಕೇತ ದುರ್ಬಲವಿರುವ ಕಾಡಂಚಿನ ಊರಿನಲ್ಲಿ, ಮಳೆಗಾಲದ ರಾತ್ರಿ 108ಕ್ಕೆ ಕರೆ ಮಾಡಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಇನ್ವರ್ಟರ್ ಇರುವ ಮನೆಯಲ್ಲಿ ಅದರ ಸಂಪರ್ಕವುಳ್ಳ ಪ್ಲಗ್ ಪಾಯಿಂಟಿನ ಬಳಿಯೇ ಸ್ಥಳ ಗೊತ್ತುಮಾಡಬೇಕು. ಇನ್ವರ್ಟರ್ ಇಲ್ಲದವರು ಪೆಟ್ಟಿಗೆಗೆಂದೇ ದೊರೆಯುವ ಚಿಕ್ಕ ಯು.ಪಿ.ಎಸ್. ಕೊಳ್ಳಬಹುದು. ಬಹುತೇಕ ಪೆಟ್ಟಿಗೆಗಳು 12 ವೋಲ್ಟಿನವು. ಆದರೂ ಅಡಾಪ್ಟರ್ ಮೇಲಿನ ಬರಹ ಓದಿಯೇ ಕೊಳ್ಳತಕ್ಕದ್ದು.

ಗಾಜಿಗೆ ಸಿಡಿಲಿನ ಭಯವಿಲ್ಲವೆಂಬ ಮಾತು ಅರ್ಧಸತ್ಯ. ಕಂಬದಿಂದ ಮನೆಗೆ ಬರುವ ಅನೇಕ ಕೇಬಲ್‌ಗಳಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಆ ತಂತಿಯನ್ನು ಹೊರಗೋಡೆಯ ಕೊಂಡಿಯಲ್ಲೇ ಮುಗಿಸಬೇಕು, ಒಳಗೆ ತರಲೇಬಾರದು. ವಿದ್ಯುತ್ ಅಡಾಪ್ಟರ್ ಸಹ ಸಿಡಿಲಿಗೆ ದಾರಿಯೇ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಸಮೀಪಿಸುವ ಮುನ್ನವೇ ಅದನ್ನು ಕಳಚಲು ಅನುಕೂಲವಾಗುವಂತೆ ಪ್ಲಗ್ ಕೈಗೆಟುಕುವಂತಿರಲಿ. ಗೋಡೆಯ ರಂಧ್ರವನ್ನು ಹೊರಭಾಗಕ್ಕೆ ಇಳಿಜಾರಾಗಿ ಕೊರೆಸಿ, ಕೇಬಲ್ ಒಳಹೋಗುವ ಮುನ್ನ ಕೆಳಕ್ಕೆ ಒಂದು ಬಳುಕು ಬಿಡಿಸಿದರೆ, ಅದರ ಮೇಲೆ ಹರಿಯುವ ಮಳೆನೀರು ಹೊರಗೇ ತೊಟ್ಟಿಕ್ಕುತ್ತದೆ.

ಹಂಚಿನ ಮನೆಯ ಅಟ್ಟದ ಮೂಲಕ ಕೇಬಲ್ ಎಳೆಯುವುದು ಸುಲಭ, ಇಲಿಗಳಿಗೂ ಅಷ್ಟೇ ಸುಲಭ. ಅಲ್ಲಿ ಅನಿವಾರ್ಯವಾದರೆ ಪಿ.ವಿ.ಸಿ. ಕೊಳವೆಯೊಳಗೆ ಎಳೆಯಿಸಬೇಕು. ಮೂಲೆಗಳಲ್ಲಿ ಕೇಬಲನ್ನು ಮಡಿಸಬಾರದು. ಸಾಮಾನ್ಯ ಫೈಬರಿಗೆ ಸುಮಾರು 3 ಸೆಂಟಿಮೀಟರ್ ತ್ರಿಜ್ಯದ ಬಾಗು ಬೇಕು, ಅದಕ್ಕಿಂತ ಬಿಗಿಯಾದರೆ ಬೆಳಕು ಸೋರಿಹೋಗುತ್ತದೆ. ಕಳಚಿದ ತುದಿಯನ್ನು ಮಕ್ಕಳು ಕಣ್ಣಿನ ಬಳಿ ಹಿಡಿಯದಂತೆ ಎಚ್ಚರ ವಹಿಸಬೇಕು. ಅದರಲ್ಲಿನ ಬೆಳಕು ಕಣ್ಣಿಗೆ ಕಾಣಿಸದಿದ್ದರೂ ಹಾನಿಕರವಾಗಬಲ್ಲದು.

ಅಭ್ಯಾಸ: ಒಂದು ಹಾಳೆಯಲ್ಲಿ ನಿಮ್ಮ ಮನೆಯ ನಕ್ಷೆ ಬರೆಯಿರಿ. ದಪ್ಪ ಗೋಡೆಗಳು, ಬಾಗಿಲುಗಳು, ಪ್ಲಗ್ ಪಾಯಿಂಟುಗಳು, ಮಳೆಗಾಲದಲ್ಲಿ ಸೋರುವ ಜಾಗ, ಮಗು ಓದಲು ಕೂಡುವ ಜಾಗ ಇವುಗಳನ್ನು ಗುರುತಿಸಿ, ಪೆಟ್ಟಿಗೆಯ ಸ್ಥಳವನ್ನು ನಿಶ್ಚಯಿಸಿರಿ. ಬಳಿಕ ಕಂಬದಿಂದ ಅಲ್ಲಿಯವರೆಗೆ ಹಗ್ಗ ಹಿಡಿದು ಅಳೆದು, ಆ ಉದ್ದವನ್ನು ನಕ್ಷೆಯ ಮೇಲೆ ಬರೆದಿಡಿರಿ. ತಂತ್ರಜ್ಞರು ಬಂದ ದಿನ ಈ ಹಾಳೆಯನ್ನೇ ಅವರ ಕೈಗೆ ಕೊಡತಕ್ಕದ್ದು.