ಗಡಿ ದಾಟಿ ಬಂದ ಮಕ್ಕಳು

ಕುಶಾಲನಗರದ ಸಂತೆಗೆ ನೀವು ಹೋಗಿದ್ದೀರಿ. ಅಲ್ಲಿ ಉದ್ದ ನಿಲುವಂಗಿ ತೊಟ್ಟ ಹೆಂಗಸರನ್ನು ನೋಡಿದ್ದೀರಿ. ಸೊಂಟದ ಮುಂದೆ ಬಣ್ಣದ ಗೆರೆಗಳ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಅವರೂ ನಮ್ಮ ಹಾಗೆಯೇ ತರಕಾರಿ ಕೊಳ್ಳುತ್ತಾರೆ. ಚೌಕಾಸಿ ಮಾಡುತ್ತಾರೆ. ಅವರು ಟಿಬೆಟ್ ಜನ.

ಕಾವೇರಿ ಸೇತುವೆ ದಾಟಿ, ಕೊಪ್ಪ ಹಾದು ಹೋದರೆ ಬೈಲಕುಪ್ಪೆ. ಅದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಅಲ್ಲಿ ಅವರ ಊರುಗಳಿವೆ. ನಾವು ದಾಟುವ ಗಡಿ ಒಂದು ಹೊಳೆ. ಅವರು ದಾಟಿದ ಗಡಿ ಹಿಮದ ಬೆಟ್ಟ.

ಯಾಕೆ ಬಂದರು?

1950ರಲ್ಲಿ ಚೀನಾದ ಸೈನ್ಯ ಟಿಬೆಟ್ಟಿಗೆ ನುಗ್ಗಿತು. 1959ರಲ್ಲಿ ಟಿಬೆಟ್ಟಿನ ಗುರು ದಲೈಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಮನೆ ಇಲ್ಲ. ಹೊಲ ಇಲ್ಲ. ಭಾಷೆ ಗೊತ್ತಿಲ್ಲ. ಹಲವರು ಹಿಮಾಲಯದಲ್ಲಿ ರಸ್ತೆ ಕೆಲಸಕ್ಕೆ ಸೇರಿದರು. ಮಕ್ಕಳು ರಸ್ತೆ ಬದಿಯ ಡೇರೆಗಳಲ್ಲಿ ಉಳಿದವು. ಹಸಿವು, ಕಾಯಿಲೆ. ಎಷ್ಟೋ ಮಕ್ಕಳು ಸತ್ತವು.

51 ಮಕ್ಕಳಿಂದ ಶುರು

1960ರ ಮೇ 17. ಜಮ್ಮುವಿನ ರಸ್ತೆ ಕೆಲಸದ ಜಾಗದಿಂದ 51 ಮಕ್ಕಳು ಧರ್ಮಶಾಲಾಕ್ಕೆ ಬಂದರು. ದಲೈಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಆ ಮಕ್ಕಳನ್ನು ನೋಡಿಕೊಂಡರು. 1964ರಲ್ಲಿ ಅವರು ತೀರಿಕೊಂಡರು. ಆಮೇಲೆ ತಂಗಿ ಜೆತ್ಸುನ್ ಪೆಮಾ ಹೊಣೆ ಹೊತ್ತರು. 2006ರವರೆಗೂ ನಡೆಸಿದರು. ಇದೇ ಮುಂದೆ 'ಟಿಬೆಟಿಯನ್ ಮಕ್ಕಳ ಹಳ್ಳಿ' ಆಯಿತು.

ಭಾರತ ಸರ್ಕಾರ ನೆರವು ಕೊಟ್ಟಿತು. ಹೊರದೇಶದ ಸಂಘಗಳೂ ಕೊಟ್ಟವು. ಟಿಬೆಟ್ ನಿರಾಶ್ರಿತರಿಗೆ ಊಟ, ಬಟ್ಟೆ, ಔಷಧಿ ಕಳಿಸಿದವರಲ್ಲಿ ಕ್ರೈಸ್ತ ಚರ್ಚ್ ಸಂಸ್ಥೆಗಳೂ ಇದ್ದವು. ಪಡೆದವರು ಬೌದ್ಧರು. ಹಸಿವಿಗೆ ಯಾವ ಧರ್ಮ?

1972ರಲ್ಲಿ ಆಸ್ಟ್ರಿಯಾ ದೇಶದಲ್ಲಿ ಹುಟ್ಟಿದ 'ಎಸ್.ಓ.ಎಸ್.' ಮಕ್ಕಳ ಹಳ್ಳಿಗಳ ಜೊತೆ ಇದು ಸೇರಿತು. ಇಲ್ಲಿ ಮಕ್ಕಳು ಸಣ್ಣ ಸಣ್ಣ ಮನೆಗಳಲ್ಲಿ ಬೆಳೆಯುತ್ತಾರೆ. ಮನೆಗೊಬ್ಬ ಸಾಕುತಾಯಿ. ಟಿಬೆಟ್ ಭಾಷೆಯಲ್ಲಿ ತಾಯಿಗೆ 'ಅಮಾಲಾ' ಎನ್ನುತ್ತಾರೆ. ದೂರದ ಒಬ್ಬರು ಒಂದು ಮಗುವಿನ ಖರ್ಚು ಕೊಡುತ್ತಾರೆ. ಹೀಗೆ ಒಂದೊಂದಾಗಿ ಸಾವಿರಾರು ಮಕ್ಕಳು ಓದಿದರು.

ಬೈಲಕುಪ್ಪೆಯಲ್ಲಿ

1960ರಲ್ಲಿ ನಮ್ಮ ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಆಗ ಅದು ಕಾಡು. ಆನೆಗಳ ಕಾಟ. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಚಳಿಗಾಲದಲ್ಲಿ ಪಟ್ಟಣಗಳಿಗೆ ಹೋಗಿ ಸ್ವೆಟರ್ ಮಾರಿದರು. 1980ರಲ್ಲಿ ಇಲ್ಲೂ ಮಕ್ಕಳ ಹಳ್ಳಿ ಬಂತು.

1980, 90ರ ದಶಕಗಳಲ್ಲಿ ಟಿಬೆಟ್ಟಿನಿಂದ ಮಕ್ಕಳು ಬರುತ್ತಲೇ ಇದ್ದರು. ತಾಯಿ ತಂದೆ ಅಲ್ಲೇ ಉಳಿದು, ದಾರಿ ತೋರುವವರ ಜೊತೆ ಮಕ್ಕಳನ್ನು ಕಳಿಸಿದರು. ರಾತ್ರಿ ಹೊತ್ತು ಹಿಮದಲ್ಲಿ ನಡಿಗೆ. ಚಳಿಗೆ ಕೆಲವರ ಕಾಲ್ಬೆರಳು ಹೋದವು. ಎಷ್ಟೋ ಮಕ್ಕಳು ಹೆತ್ತವರನ್ನು ಮತ್ತೆ ನೋಡಲೇ ಇಲ್ಲ. 2008ರ ನಂತರ ಗಡಿಯಲ್ಲಿ ಕಾವಲು ಬಿಗಿಯಾಯಿತು. ಬರುವವರು ಬಹಳ ಕಡಿಮೆಯಾದರು.

ನಮ್ಮ ಮಾತು

ಈ ಪಾಠ ಓದಿದಾಗ ಕಲಿಕಾ ಕೇಂದ್ರದಲ್ಲಿ ಒಬ್ಬ ಅಜ್ಜಿ ಕೇಳಿದರು: "ಹೆತ್ತ ಮಗೂನ ಹೇಗಮ್ಮ ಕಳಿಸ್ತಾರೆ?"

ಕಾಫಿ ತೋಟದ ಲೈನ್‌ಮನೆಯ ಅಕ್ಕ ಹೇಳಿದರು: "ಓದಲಿ ಅಂತ ಅಜ್ಜಿ. ನನ್ನ ಮಗನ್ನ ಹಾಸ್ಟೆಲ್‌ಗೆ ಬಿಟ್ಟು ಬಂದಾಗ ನಾನೂ ಅತ್ತಿಲ್ವಾ? ಅವನ ಮೊದಲ ಕಾಗದ ಬಂತು. ಓದೋಕೆ ಬರದೆ ಪಕ್ಕದ ಮನೆಗೆ ತಗೊಂಡು ಹೋದೆ. ಅದಕ್ಕೇ ಈಗ ಇಲ್ಲಿ ಕೂತಿದೀನಿ."

ಅಕ್ಕನ ಮಾತು ನಿಜ. ಮಗುವನ್ನು ದೂರ ಬಿಡುವುದು ಸಣ್ಣ ಮಾತಲ್ಲ. ಆದ್ದರಿಂದ ಇದನ್ನು ನೆನಪಿಡಿ:

ಮಗುವನ್ನು ಸೇರಿಸುವ ಮೊದಲು ಜಾಗ ಹೋಗಿ ನೋಡಿ. ರಾತ್ರಿ ಹೊತ್ತು ಮಕ್ಕಳ ಜೊತೆ ಯಾರಿರುತ್ತಾರೆ, ಕೇಳಿ. ಬೇಕಾದಾಗ ಬಂದು ನೋಡಬಹುದೇ, ಕೇಳಿ. 2015ರ ಕಾನೂನಿನ ಪ್ರಕಾರ ಅನಾಥ ಮಕ್ಕಳ ಆಶ್ರಮಗಳು ನೋಂದಣಿ ಆಗಿರಲೇಬೇಕು. ಕಾಗದ ಓದದೆ ಹೆಬ್ಬೆಟ್ಟು ಒತ್ತಬೇಡಿ. ಮಗುವಿಗೆ ಎಲ್ಲಿ ತೊಂದರೆ ಆದರೂ 1098ಕ್ಕೆ ಫೋನ್ ಮಾಡಿ. ದುಡ್ಡು ಬೇಡ.

ಒಳ್ಳೆಯ ಮನಸ್ಸಿನವರು ಮಕ್ಕಳನ್ನು ಸಾಕುತ್ತಾರೆ. ಆದರೂ ತಾಯಿಯ ಕಣ್ಣು ಜೊತೆಗಿರಬೇಕು.

ಯೋಚಿಸಿ, ಮಾತಾಡಿ

1. ಮೊದಲ ದಿನ ಎಷ್ಟು ಮಕ್ಕಳು ಬಂದರು? ಎಲ್ಲಿಂದ?
2. 'ಹಸಿವಿಗೆ ಯಾವ ಧರ್ಮ?' ಈ ಮಾತಿನ ಅರ್ಥ ಏನು?
3. ನಿಮ್ಮ ಊರಿನಲ್ಲಿ ಶಾಲೆ ಬಿಟ್ಟ ಮಗು ಇದೆಯೇ? ನೀವು ಏನು ಮಾಡಬಹುದು?
4. ದೂರದಲ್ಲಿರುವ ನಿಮ್ಮವರಿಗೆ ನಾಲ್ಕು ಸಾಲಿನ ಕಾಗದ ಬರೆಯಿರಿ.