ಸಾಲೋಟಗಿಗೆ ಒಬ್ಬರೇ ಹೊರಟಿರಾ?

ಸಾಲೋಟಗಿ ಇರುವ ಇಂಡಿ ಸೀಮೆಯಲ್ಲಿ ಬೆಟ್ಟವಿಲ್ಲ, ದಟ್ಟ ಕಾಡೂ ಇಲ್ಲ. ಎರೆ ಹೊಲ, ಲಿಂಬೆ ತೋಟ, ಕಬ್ಬು, ದಾಳಿಂಬೆ. ಬಡಗಣಕ್ಕೆ ಹೋದರೆ ಭೀಮಾ ನದಿ, ಆಚೆ ದಂಡೆಗೆ ಮಹಾರಾಷ್ಟ್ರ. ಒಬ್ಬಳೇ ಬರುವ ಹೆಣ್ಣುಮಗಳನ್ನು ಇಲ್ಲಿ ಸಿಕ್ಕಿಸುವುದು ಬಸ್ಸಿನ ವೇಳೆ. ಹಗಲಿನಲ್ಲಿ ಊರಿಗೆ ಊರೇ ನಿಮ್ಮನ್ನು ನೋಡುತ್ತಿರುತ್ತದೆ. ಕತ್ತಲಾದ ಮೇಲೆ ಕ್ರಾಸಿನಲ್ಲಿ ನಿಂತರೆ ಕೇಳುವವರೂ ಇರುವುದಿಲ್ಲ. ಆದ್ದರಿಂದ ಏನೇ ನೋಡುವುದಿದ್ದರೂ ಮೊದಲು ವಾಪಸ್ ಬರುವ ಬಸ್ಸನ್ನು ಗೊತ್ತುಮಾಡಿಕೊಳ್ಳಿ.

ಇಷ್ಟು ದೂರ ಯಾಕೆ ಬರಬೇಕು ಅಂದರೆ, ಸಾಲೋಟಗಿಯ ಹೆಸರು ಹೊತ್ತ ಕಂಬದ ಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಇಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬರುವ ವಿದ್ಯಾರ್ಥಿಗಳಿಗೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ ಭೂಮಿ. ಊರಲ್ಲಿ ಮದುವೆಯಾದರೆ ಐದು ‘ಪುಷ್ಪ’, ಉಪನಯನಕ್ಕೆ ಎರಡೂವರೆ ಎಂದು ಶಾಲೆಗೆ ಸಲ್ಲಬೇಕಾದ ಕಾಣಿಕೆಯನ್ನೂ ಕಲ್ಲಿನಲ್ಲೇ ಬರೆಸಿದ್ದಾರೆ. ಈಗ ಬರುವವರಲ್ಲಿ ಹೆಚ್ಚಿನವರು ಶಿವಯೋಗೇಶ್ವರನ ಗುಡಿಗೆ ನಡೆದುಕೊಳ್ಳುವವರು. ಇತಿಹಾಸ ಓದುವ ಹುಡುಗಿಯರು ಇನ್ನೂ ಹೆಚ್ಚು ಬರಬೇಕು ಎನ್ನುವುದು ನನ್ನ ಆಸೆ.

ವಸ್ತಿ ಮಾತ್ರ ವಿಜಯಪುರದಲ್ಲಿ ಮಾಡಿ. ತಾಲ್ಲೂಕು ಊರುಗಳ ಲಾಡ್ಜ್‌ಗಳಲ್ಲಿ ಒಂಟಿ ಹೆಣ್ಣಿಗೆ ಕೋಣೆ ಕೊಡಲು ಹಿಂದೆಮುಂದೆ ನೋಡುವುದುಂಟು. ರಾತ್ರಿ ಹತ್ತಕ್ಕೆ ಆ ವಾದ ಬೇಡ. ವಿಜಯಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಆದಿಲ್‌ಶಾಹಿ ಇದೆ, ಕುಟುಂಬಗಳು ಇಳಿದುಕೊಳ್ಳುವ ಬೇರೆ ಹೋಟೆಲುಗಳೂ ಇವೆ. ಮುಂಗಡ ಬುಕ್ ಮಾಡುವಾಗಲೇ ‘ಒಬ್ಬರೇ ಬರತೀವಿ’ ಎಂದು ಫೋನಿನಲ್ಲಿ ಹೇಳಿಬಿಡಿ. ರೈಲಿನಲ್ಲಿ ಬರುವವರಿಗೆ ಒಂದು ಎಚ್ಚರಿಕೆ: ‘ಇಂಡಿ ರೋಡ್’ ಎಂಬ ಹೆಸರು ನೋಡಿ ಅಲ್ಲಿ ಇಳಿಯಬೇಡಿ. ಆ ನಿಲ್ದಾಣ ಇಂಡಿ ಊರಿನಿಂದ ದೂರ, ಹೊತ್ತಲ್ಲದ ಹೊತ್ತಿನಲ್ಲಿ ಇಳಿದರೆ ಗಾಡಿಗಾಗಿ ಕಾಯುವುದೇ ಆಗುತ್ತದೆ. ವಿಜಯಪುರದಲ್ಲಿ ಇಳಿದು ಬೆಳಗಿನ ಬಸ್ಸು ಹಿಡಿಯುವುದು ವಾಸಿ.

ವಿಜಯಪುರದಿಂದ ಇಂಡಿಗೆ ಸುಮಾರು 55 ಕಿ.ಮೀ. ಅಲ್ಲಿಂದ ಸಾಲೋಟಗಿಗೆ ಸುಮಾರು ಹತ್ತು. ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, 2023ರ ಜೂನ್ 11ರಿಂದ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದು ಕೈಯಲ್ಲಿ ಇಟ್ಟುಕೊಳ್ಳಿ. ಈ ಯೋಜನೆ ಬಂದಮೇಲೆ ಬಸ್ಸಿನಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕೂಡಲು ಜಾಗ ಸಿಗದೆ ಬೈದುಕೊಂಡರೂ, ಒಬ್ಬಳೇ ಕೂತೆ ಅನ್ನುವ ಅಳುಕು ಇಲ್ಲ.

ಇನ್ನು ವಸ್ತಿ ಬಸ್ಸಿನ ವಿಷಯ. ಸಂಜೆ ಹಳ್ಳಿಗೆ ಬರುವ ಕೊನೆಯ ಗಾಡಿ ಬಹಳ ಕಡೆ ಅಲ್ಲೇ ವಸ್ತಿ ಹಾಕುತ್ತದೆ, ಬೆಳಗ್ಗೆಯೇ ಹೊರಡುವುದು. ಹೊಸಬರು ‘ಏಳಕ್ಕೆ ಬಸ್ಸೈತಿ’ ಎಂದು ಕೇಳಿಸಿಕೊಂಡು ಕೂತಿರುತ್ತಾರೆ. ಬಸ್ಸು ಬರುವುದೂ ನಿಜ, ಆದರೆ ಹೊರಳಿ ಹೋಗುವುದಿಲ್ಲ. ಹಾಗಾಗಿ ಇಳಿದ ಕೂಡಲೇ ಕಂಡಕ್ಟರನ್ನೇ ಕೇಳಿ: ‘ಹೊಳ್ಳಿ ಇಂಡಿಗೆ ಹೋಗೋ ಕಡೀ ಬಸ್ಸು ಎಷ್ಟಕ್ಕರೀ?’ ಅವರು ಹೇಳಿದ್ದಕ್ಕಿಂತ ಒಂದು ಬಸ್ಸು ಮುಂಚೆಯೇ ಹತ್ತಿ. ನಡುಮಧ್ಯಾಹ್ನ ಬಸ್ಸು ಇಲ್ಲದಾಗ ಟಂಟಂ (ಶೇರ್ ಆಟೋ) ಓಡುತ್ತವೆ. ಹೆಂಗಸರು ಕೂತಿರುವ ಗಾಡಿಯನ್ನೇ ಹತ್ತಿ, ಖಾಲಿ ಗಾಡಿ ‘ಬರ್ರಿ, ಬಿಡತೀನಿ’ ಅಂದರೆ ಬೇಡ. ಹತ್ತುವ ಮುಂಚೆ ನಂಬರ್ ಪ್ಲೇಟಿನ ಫೋಟೊ ಮನೆಗೆ ಕಳಿಸಿ, ಡ್ರೈವರನಿಗೆ ಕಾಣುವಂತೆಯೇ.

ಚಹಾದಂಗಡಿಯ ಮುಂದೆ ನಿಂತರೆ ಪ್ರಶ್ನೆ ಶುರು. ‘ಯಾರ ಮನೀಗಿ ಬಂದೀರಿ?’ ‘ಒಬ್ಬಾಕೀನ ಬಂದೀಯೇನವಾ?’ ನಗರದವರಿಗೆ ಇದು ಮೈಮೇಲೆ ಬಂದಂತೆ ಕಾಣುತ್ತದೆ. ನನಗಂತೂ ಇದು ಕಾವಲಿನ ಹಾಗೆ. ಯಾರದೋ ಮನೆಗೆ ಬಂದವಳು ಎಂದು ಊರಿಗೆ ಗೊತ್ತಾದರೆ ಪುಂಡರು ದೂರವೇ ಉಳಿಯುತ್ತಾರೆ. ‘ಗುಡಿ ನೋಡಾಕ ಬಂದೀನ್ರಿ, ಇಂಡ್ಯಾಗ ನಮ್ಮವರು ಕಾಯಾಕತ್ತಾರ’ ಎಂದರೆ ಸಾಕು. ಆ ಎರಡನೆಯ ಮಾತು ಸುಳ್ಳಾಗಿದ್ದರೂ ಪಾಪವಿಲ್ಲ. ಯಾವ ಲಾಡ್ಜು, ಯಾವ ಕೋಣೆ ಎನ್ನುವುದನ್ನು ಯಾರಿಗೂ ಹೇಳಬೇಡಿ. ದಾರಿ ಕೇಳುವುದಾದರೆ ಗಿರಣಿ ಮುಂದೆ ನಿಂತ ಹೆಂಗಸರನ್ನು, ಅಂಗನವಾಡಿಯ ಅಕ್ಕನನ್ನು, ಆಶಾ ಕಾರ್ಯಕರ್ತೆಯನ್ನು ಕೇಳಿ. ‘ಅಕ್ಕಾರ’ ಎಂದು ಕರೆದರೆ ಕೆಲಸ ಬಿಟ್ಟು ಗುಡಿತನಕ ಬಂದುಬಿಡುವವರೂ ಇದ್ದಾರೆ. ಶೌಚಾಲಯವನ್ನೂ ಅವರನ್ನೇ ಕೇಳಬೇಕು, ಇಂಡಿ ಬಸ್‌ಸ್ಟ್ಯಾಂಡ್ ಬಿಟ್ಟರೆ ಬೇರೆ ಭರವಸೆ ಇಟ್ಟುಕೊಳ್ಳಬೇಡಿ. ಅದಕ್ಕೆ ಹೆದರಿ ನೀರು ಕುಡಿಯದೆ ಇರುವುದು ಈ ನಾಡಿನಲ್ಲಿ ಪುಂಡರಿಗಿಂತ ದೊಡ್ಡ ಅಪಾಯ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಎರೆ ಮಣ್ಣು ಚಪ್ಪಲಿಗೆ ಅಂಟಿ ಹೊಲದ ದಾರಿಯಲ್ಲಿ ಹೆಜ್ಜೆ ಏಳುವುದಿಲ್ಲ. ಭೀಮಾ ದಂಡೆಯ ಊರುಗಳಿಗೆ ಹೋಗುವವರು ನದಿಗೆ ಎಷ್ಟು ನೀರು ಬಿಟ್ಟಿದ್ದಾರೆ ಎಂದು ವಿಚಾರಿಸಿಕೊಂಡೇ ಹೊರಡಿ. 2020ರ ಅಕ್ಟೋಬರ್‌ನಲ್ಲಿ ಆ ದಂಡೆ ನೆರೆಗೆ ಸಿಕ್ಕಿತ್ತು.

ಫೋನಿನಲ್ಲಿ 112 ಇರಲಿ, ಮಹಿಳಾ ಸಹಾಯವಾಣಿ 181, ರೈಲಿನಲ್ಲಿದ್ದಾಗ 139. ಬಸ್ಸಿನಲ್ಲಿ ಯಾರಾದರೂ ಕೈ ಚಾಚಿದರೆ ಗಟ್ಟಿಯಾಗಿ ಕೂಗಿ, ಕಂಡಕ್ಟರ್ ಬಸ್ಸನ್ನು ಠಾಣೆಗೇ ತಿರುಗಿಸಲಿ ಎಂದು ಪಟ್ಟು ಹಿಡಿಯಿರಿ. ದೂರನ್ನು ಘಟನೆ ನಡೆದ ಠಾಣೆಯಲ್ಲೇ ಕೊಡಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು. ‘ಅದು ನಮ್ಮ ಹದ್ದಿಗೆ ಬರಂಗಿಲ್ಲ’ ಎಂದರೆ ಈ ಕಲಮಿನ ನಂಬರನ್ನೇ ಹೇಳಿ. ನಂಬರ್ ಕೇಳಿದ ಕೂಡಲೇ ಕುರ್ಚಿ ತೋರಿಸುತ್ತಾರೆ.

ಶಿವಯೋಗೇಶ್ವರನ ಜಾತ್ರೆಯ ದಿನಗಳಲ್ಲಿ ಲೆಕ್ಕ ಬೇರೆ. ಹೆಚ್ಚುವರಿ ಬಸ್ಸು ಬಿಡುತ್ತಾರೆ, ರಾತ್ರಿಯೂ ಜನ ಇರುತ್ತಾರೆ, ಆದರೆ ನೂಕುನುಗ್ಗಲಿನಲ್ಲಿ ಕೈ ಎಲ್ಲಿ ಬರುತ್ತದೆ ಎಂದು ತಿಳಿಯುವುದಿಲ್ಲ. ತೇರು ಎಳೆಯುವಾಗ ದೂರದ ಕಟ್ಟೆಯ ಮೇಲೆ, ಹೆಂಗಸರ ಗುಂಪಿನಲ್ಲಿ ನಿಂತು ನೋಡಿ. ಸಂಜೆಯ ಬಸ್ಸಿನಲ್ಲೇ ಇಂಡಿಗೆ ಬಂದು ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು ವಿಜಯಪುರದ ಗಾಡಿ ಹತ್ತಿ.