ಹಿಮಾಲಯದ ಕಾಡಿನಲ್ಲಿ ಹ್ಯಾಮಕ್ ಕಟ್ಟುವ ಮುನ್ನ

ಚಾರಣದ ರೀಲ್ಸ್ ನೋಡಿದರೆ ಹ್ಯಾಮಕ್‌ನಷ್ಟು ಸುಲಭದ ಸಾಮಾನು ಇನ್ನೊಂದಿಲ್ಲ. ಎರಡು ಮರ, ನಡುವೆ ಬಣ್ಣದ ಬಟ್ಟೆ, ಹಿಂದೆ ಹಿಮದ ಶಿಖರ, ಕೈಯಲ್ಲಿ ಚಹಾ. ಮಧ್ಯಾಹ್ನ ಒಂದು ಗಂಟೆ ಹೊರಳಾಡಲು ಅಷ್ಟು ಸಾಕು. ಮೂರು ಸಾವಿರ ಮೀಟರ್ ಎತ್ತರದಲ್ಲಿ ಅದರಲ್ಲೇ ರಾತ್ರಿ ಕಳೆಯಬೇಕೆಂದರೆ ಮಾತ್ರ ಲೆಕ್ಕ ಬೇರೆ. ಹೊರಡುವ ಮೊದಲೇ ಎರಡು ಸಂಗತಿ ತಲೆಯಲ್ಲಿರಲಿ: ಹ್ಯಾಮಕ್‌ನಲ್ಲಿ ಚಳಿ ಬರುವುದು ಕೆಳಗಿನಿಂದ, ಏರುತ್ತ ಹೋದಂತೆ ಒಂದು ಕಡೆ ಮರಗಳೇ ಮುಗಿಯುತ್ತವೆ. ಮಿಕ್ಕಿದ್ದನ್ನೆಲ್ಲ ಅಭ್ಯಾಸದಿಂದ ಕಲಿಯಬಹುದು.

ಉದಾಹರಣೆಗೆ ನಮ್ಮ ಚಾರಣಿಗರಿಗೆ ಚಿರಪರಿಚಿತವಾದ ಉತ್ತರಾಖಂಡದ ಸಾಂಕ್ರಿ ಸೀಮೆಯನ್ನೇ ತೆಗೆದುಕೊಳ್ಳೋಣ. ಡೆಹ್ರಾಡೂನ್‌ನಿಂದ ಸುಮಾರು 200 ಕಿ.ಮೀ., ಜೀಪಿನಲ್ಲಿ ಒಂದಿಡೀ ದಿನದ ಹಾದಿ. ಕೇದಾರಕಂಠ, ಹರ್ ಕಿ ದೂನ್ ಚಾರಣಗಳೆರಡಕ್ಕೂ ಸಾಮಾನ್ಯವಾಗಿ ಇಲ್ಲಿಂದಲೇ ಹೊರಡುತ್ತಾರೆ. ಇಡೀ ಪ್ರದೇಶ ಗೋವಿಂದ ವನ್ಯಜೀವಿ ಧಾಮ ಮತ್ತು ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಗೆ ಬರುತ್ತದೆ. ಹಾಗಾಗಿ ಚೆಕ್‌ಪೋಸ್ಟ್‌ನಲ್ಲಿ ಪ್ರವೇಶ ಅನುಮತಿ ಪಡೆಯುವಾಗಲೇ ಎಲ್ಲಿ ತಂಗಬಹುದು, ಮರಕ್ಕೆ ಹ್ಯಾಮಕ್ ಕಟ್ಟಬಹುದೇ ಎಂದು ಬಾಯಿಬಿಟ್ಟು ಕೇಳಿ. ಬೇಡ ಎಂದರೆ ಬೇಡ. ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಮರ ಎಲ್ಲಿಯವರೆಗೆ?

ಸಾಂಕ್ರಿ ಇರುವುದು ಸುಮಾರು 1,950 ಮೀಟರ್ ಎತ್ತರದಲ್ಲಿ. ಕೇದಾರಕಂಠದ ಹಾದಿಯಲ್ಲಿ ಮೊದಲ ತಂಗುದಾಣ ಜೂಡಾ ಕಾ ತಾಲಾಬ್, ಸುಮಾರು 2,700 ಮೀಟರ್. ಸುತ್ತ ಪೈನ್, ಓಕ್ ಮರಗಳ ಕಾಡು. ಹ್ಯಾಮಕ್‌ಗೆ ಹೇಳಿ ಮಾಡಿಸಿದ ಜಾಗ. ಬೇಸ್ ಕ್ಯಾಂಪ್ ಸುಮಾರು 3,400 ಮೀಟರ್, ಶಿಖರ ಸುಮಾರು 3,800 ಮೀಟರ್. ಪಶ್ಚಿಮ ಹಿಮಾಲಯದಲ್ಲಿ ಮರದ ಗೆರೆ ಹೆಚ್ಚುಕಡಿಮೆ 3,300ರಿಂದ 3,600 ಮೀಟರ್ ನಡುವೆ ನಿಂತುಬಿಡುತ್ತದೆ. ಅದರಾಚೆ ಬುಗ್ಯಾಲ್, ಅಂದರೆ ಬರೀ ಹುಲ್ಲುಗಾವಲು. 2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿ ಆದೇಶ ನೀಡಿತ್ತು. ಕಾಡಿನೊಳಗೆ ತಂಗಲು ಇದೂ ಒಂದು ಕಾರಣ.

ಗೆರೆಯ ಅಂಚಿನಲ್ಲಿ ಸಿಗುವ ಮರಗಳನ್ನೆಲ್ಲ ನಂಬಲಾಗದು. ಅಲ್ಲಿ ಕಣ್ಣಿಗೆ ಬೀಳುವ ಭೂರ್ಜ, ನಮ್ಮ ಹಿರಿಯರು ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರೆಯ ಮರವೇ, ಹಾಳೆ ಹಾಳೆಯಾಗಿ ತೊಗಟೆ ಬಿಡುತ್ತದೆ. ಅದಕ್ಕೆ ಪಟ್ಟಿ ಸುತ್ತಿ ಜಗ್ಗುವುದು ಅನ್ಯಾಯ. ಸೊಟ್ಟಗೆ ಬೆಳೆದ ರೋಡೋಡೆಂಡ್ರಾನ್‌ಗಳೂ ಬೇಡ. ಮ್ಯಾಪ್ ಹಿಡಿದು ಕೂತು ಯಾವ ರಾತ್ರಿ ಎಷ್ಟು ಎತ್ತರದಲ್ಲಿರುತ್ತೀರಿ ಎಂದು ಮೊದಲೇ ಗುರುತು ಹಾಕಿ. 3,300 ಮೀಟರ್ ಮೇಲಿನ ರಾತ್ರಿಗೆ ನೆಲದ ಮೇಲೆ ಮಲಗುವ ಏರ್ಪಾಡೂ ಜೊತೆಗಿರಬೇಕು.

ಚೀಲಕ್ಕೆ ಏನೇನು?

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹ್ಯಾಮಕ್‌ಗಳಲ್ಲಿ ಹೆಚ್ಚಿನವು ಗಿಡ್ಡ. ರಾತ್ರಿ ಮಲಗಲು ಕನಿಷ್ಠ 3.2 ಮೀಟರ್ ಉದ್ದ ಬೇಕು; ಎತ್ತರದ ಆಳಾದರೆ 3.35 ಮೀಟರ್. ಗಿಡ್ಡ ಹ್ಯಾಮಕ್‌ನಲ್ಲಿ ಬೆನ್ನು ಬಾಳೆಹಣ್ಣಿನಂತೆ ಬಾಗುತ್ತದೆ, ಬೆಳಗ್ಗೆ ಏಳುವಾಗ ಸೊಂಟ ಹಿಡಿದಿರುತ್ತದೆ. ಜೊತೆಗೆ ಬರುವ ತೆಳು ಹಗ್ಗವನ್ನು ಮನೆಯಲ್ಲೇ ಬಿಡಿ. ಅದು ಮರದ ತೊಗಟೆಯನ್ನು ಕೊರೆಯುತ್ತದೆ. ಕನಿಷ್ಠ 2.5 ಸೆಂ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿ ಕೊಳ್ಳಿ. ನೈಲಾನ್ ಪಟ್ಟಿ ಬೇಡ, ಭಾರ ಬಿದ್ದಂತೆ, ಒದ್ದೆಯಾದಂತೆ ಅದು ಹಿಗ್ಗುತ್ತ ಹೋಗುತ್ತದೆ. ಭಾರ ಹೊರುವ ಸಾಮರ್ಥ್ಯವನ್ನು ಮೈಮೇಲೆ ಮುದ್ರಿಸಿರುವ ಎರಡು ಕ್ಯಾರಬಿನರ್, ಮೇಲೆ ಸೂರಿನಂತೆ ಕಟ್ಟಲು ಹ್ಯಾಮಕ್‌ಗಿಂತ ಉದ್ದನೆಯ ಟಾರ್ಪ್, ಅದಕ್ಕೆ ದಾರ, ನಾಲ್ಕು ಗೂಟ. ಇವೆಲ್ಲದರ ಜೊತೆಗೆ ಅಡಿಭಾಗದ ಹೊದಿಕೆ. ಅದರ ಕಥೆ ಮುಂದಿದೆ.

ಎಲ್ಲ ಸೇರಿ ತೂಗಿದರೆ ಸುಮಾರು ಎರಡು ಕಿಲೋ. ಒಬ್ಬರ ಟೆಂಟ್ ಮತ್ತು ಮ್ಯಾಟ್‌ಗೂ ಹೆಚ್ಚುಕಡಿಮೆ ಅಷ್ಟೇ ಭಾರ. ಹ್ಯಾಮಕ್ ಹಗುರ ಎಂಬ ಮಾತು ನಮ್ಮ ಕರಾವಳಿಯ ಸೆಕೆಗೆ ಸರಿ, ಹಿಮಾಲಯಕ್ಕಲ್ಲ. ಅದರ ನಿಜವಾದ ಲಾಭ ಬೇರೆಯೇ ಇದೆ: ಸಮತಟ್ಟು ನೆಲ ಹುಡುಕಬೇಕಿಲ್ಲ. ಇಳಿಜಾರು, ಕಲ್ಲು, ಬೇರು, ಕೆಸರು ಏನಿದ್ದರೂ ಅದರ ಮೇಲೆ ತೂಗಿಕೊಂಡು ಮಲಗಬಹುದು.

ಮೊದಲ ರಾತ್ರಿ ಊರಿನಲ್ಲೇ

ಹೊಸ ಹ್ಯಾಮಕ್ ಹೊತ್ತು ನೇರ ಹಿಮಾಲಯಕ್ಕೆ ಹೋಗಬೇಡಿ. ತೋಟವಿದ್ದರೆ ಡಿಸೆಂಬರ್ ಚಳಿಯಲ್ಲಿ ಒಂದು ಪೂರ್ತಿ ರಾತ್ರಿ ಮಲಗಿ ನೋಡಿ. ಮಾವು, ಹಲಸು ಒಳ್ಳೆಯ ಮರಗಳು. ಅಡಿಕೆ ಮರ ಸಪೂರ, ಬಳುಕುತ್ತದೆ. ತೆಂಗಿನ ಮರದ ಕೆಳಗೆ ಮಲಗಬಾರದೆಂದು ನಮ್ಮವರಿಗೆ ಬೇರೆ ಹೇಳಬೇಕಿಲ್ಲ. ಇಟ್ಟಿಗೆ ಕಂಬಕ್ಕೆ, ಕಾಂಪೌಂಡ್ ಗೋಡೆಯ ಕೊಕ್ಕೆಗೆ ಎಂದೂ ಕಟ್ಟಬೇಡಿ. ಪಕ್ಕಕ್ಕೆ ಜಗ್ಗುವ ಭಾರವನ್ನು ತಡೆಯುವಂತೆ ಅವನ್ನು ಕಟ್ಟಿರುವುದಿಲ್ಲ, ಕುಸಿದರೆ ನೇರ ಎದೆಯ ಮೇಲೆ. ಅಭ್ಯಾಸಕ್ಕೆಂದು ಪಶ್ಚಿಮ ಘಟ್ಟಕ್ಕೆ ಹೊರಡುವ ಯೋಚನೆಯೂ ಬೇಡ. ಅಲ್ಲಿನ ಅರಣ್ಯದಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ.

ಕಟ್ಟುವ ಕ್ರಮ

ಕ್ಯಾಂಪ್ ತಲುಪಿದೊಡನೆ ಮೊದಲು ತಲೆಯೆತ್ತಿ ನೋಡಿ. ಒಣಗಿದ ಕೊಂಬೆ, ಅರ್ಧ ಮುರಿದು ನೇತಾಡುವ ಟೊಂಗೆ ಇದ್ದರೆ ಆ ಜಾಗ ಬಿಡಿ. ಮರ ಜೀವಂತವಾಗಿರಬೇಕು, ಎರಡು ಕೈಗಳಿಂದ ಬಳಸಿ ಹಿಡಿದರೆ ಬೆರಳ ತುದಿಗಳು ಒಂದಕ್ಕೊಂದು ತಾಕದಷ್ಟು ದಪ್ಪವಿರಬೇಕು. ಎರಡು ಮರಗಳ ನಡುವೆ ನಾಲ್ಕರಿಂದ ಐದು ಮೀಟರ್ ಅಂತರ ಚೆನ್ನ. ಇಳಿಜಾರಿನಲ್ಲಿ ಒಂದು ಮರ ಮೇಲೆ, ಇನ್ನೊಂದು ಕೆಳಗೆ ಇರುವ ಜೋಡಿಯನ್ನು ಆರಿಸಬೇಡಿ. ಅಡ್ಡಡ್ಡವಾಗಿ ಒಂದೇ ಮಟ್ಟದಲ್ಲಿರುವ ಮರಗಳನ್ನು ಹುಡುಕಿ. ಹತ್ತಿ ಇಳಿಯುವುದು ಗುಡ್ಡದ ಮೇಲ್ಬದಿಯಿಂದ ಇರಲಿ, ಕೆಳಬದಿಯಲ್ಲಿ ಕಾಲಿಗೆ ನೆಲ ಎಟುಕದು.

ಪಟ್ಟಿಯನ್ನು ಸುಮಾರು ನಿಮ್ಮ ತಲೆಯ ಎತ್ತರದಲ್ಲಿ ಸುತ್ತಿ. ಪಟ್ಟಿ ನೆಲದ ಮಟ್ಟಕ್ಕೆ 30 ಡಿಗ್ರಿ ಇಳಿಜಾರಿನಲ್ಲಿರಬೇಕು. ಅಳೆಯಲು ಯಾವ ಉಪಕರಣವೂ ಬೇಡ: ಮಕ್ಕಳು ಪಿಸ್ತೂಲು ತೋರಿಸುವ ಹಾಗೆ ತೋರುಬೆರಳನ್ನು ಅಡ್ಡಕ್ಕೆ, ಹೆಬ್ಬೆರಳನ್ನು ಮೇಲಕ್ಕೆ ಹಿಡಿಯಿರಿ. ಎರಡೂ ಬೆರಳ ತುದಿಗಳನ್ನು ಸೇರಿಸುವ ಗೆರೆಯೇ ಹೆಚ್ಚುಕಡಿಮೆ 30 ಡಿಗ್ರಿ. ಬಿಗಿಯಾಗಿ ಕಟ್ಟಿದರೆ ಗಟ್ಟಿ ಎಂಬ ಭಾವನೆ ಬಹಳ ಜನರಲ್ಲಿದೆ, ವಾಸ್ತವ ಅದಕ್ಕೆ ತದ್ವಿರುದ್ಧ. 30 ಡಿಗ್ರಿಯಲ್ಲಿ ಕಟ್ಟಿದಾಗ 70 ಕಿಲೋ ತೂಕದವರು ಮಲಗಿದರೆ ಒಂದೊಂದು ಪಟ್ಟಿಯ ಮೇಲೆ ಬೀಳುವ ಎಳೆತ 70 ಕಿಲೋದಷ್ಟು. ಹತ್ತು ಡಿಗ್ರಿಗೆ ಬಿಗಿದರೆ ಅದೇ 200 ಕಿಲೋ! ಪಟ್ಟಿಗೂ ಕಷ್ಟ, ಮರಕ್ಕೂ ಕಷ್ಟ.

ಕಟ್ಟಿದ ಮೇಲೆ ಮಧ್ಯದಲ್ಲಿ ನಿಧಾನವಾಗಿ ಕೂತು ನೋಡಿ. ನೆಲದಿಂದ ಕುರ್ಚಿಯಷ್ಟು ಎತ್ತರ, ಅಂದರೆ 45 ಸೆಂ.ಮೀ. ಮೀರಬಾರದು. ಕಾಲಿನ ಕಡೆಯ ಪಟ್ಟಿಯನ್ನು ತಲೆಯ ಕಡೆಗಿಂತ ಒಂದು ಗೇಣು ಮೇಲೆ ಕಟ್ಟಿದರೆ ರಾತ್ರಿ ಕೆಳಗೆ ಜಾರುವುದಿಲ್ಲ. ಮಲಗುವಾಗ ನೇರವಾಗಿ ಬೇಡ, ಓರೆಯಾಗಿ ಮಲಗಿ. ತಲೆ ಸ್ವಲ್ಪ ಎಡಕ್ಕೆ, ಕಾಲು ಸ್ವಲ್ಪ ಬಲಕ್ಕೆ. ಆಗ ಬಟ್ಟೆ ಬೆನ್ನಿನಡಿ ಚಪ್ಪಟೆಯಾಗುತ್ತದೆ.

ಬೆನ್ನಿಗೆ ಬಡಿಯುವ ಚಳಿ

ಸೀರೆಯ ಜೋಲಿಯಲ್ಲಿ ಮಗುವನ್ನು ಮಲಗಿಸುವ ಮುನ್ನ ಅಜ್ಜಿಯರು ಅಡಿಗೆ ದಪ್ಪ ಬಟ್ಟೆ ಹಾಸುತ್ತಾರಲ್ಲ, ಹ್ಯಾಮಕ್‌ನ ಗುಟ್ಟೂ ಅದೇ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ ಎಂದು ಧೈರ್ಯ ಮಾಡುವವರು ನಡುರಾತ್ರಿ ಎರಡಕ್ಕೆ ಎದ್ದು ಕೂರುತ್ತಾರೆ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಮೈಭಾರಕ್ಕೆ ಅದರ ಕೆಳಭಾಗ ಅಮುಕಿಹೋದಾಗ ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ಹೊರಗೆ ನೋಡಿದರೆ ತಣ್ಣನೆಯ ಗಾಳಿ ಬಟ್ಟೆಯಡಿ ಸದಾ ಹರಿಯುತ್ತಿರುತ್ತದೆ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ಬೇಸ್ ಕ್ಯಾಂಪ್ ಸಾಂಕ್ರಿಗಿಂತ ಸುಮಾರು ಒಂಬತ್ತು ಡಿಗ್ರಿ ತಂಪು.

ಇದಕ್ಕೆ ಸರಿಯಾದ ಮದ್ದು ಅಂಡರ್‌ಕ್ವಿಲ್ಟ್, ಹ್ಯಾಮಕ್‌ನ ಹೊರಗೆ ಕೆಳಗಡೆ ಎಲಾಸ್ಟಿಕ್‌ನಿಂದ ನೇತುಹಾಕುವ ರಜಾಯಿ. ಮೈಭಾರ ಅದರ ಮೇಲೆ ಬೀಳದ ಕಾರಣ ಉಬ್ಬಿಕೊಂಡೇ ಇರುತ್ತದೆ. ಹ್ಯಾಮಕ್‌ಗೂ ಅದಕ್ಕೂ ನಡುವೆ ಸಂದಿ ಉಳಿಯದಂತೆ ಕಟ್ಟಬೇಕು. ಒಬ್ಬರು ಮಲಗಿ, ಇನ್ನೊಬ್ಬರು ಅಡಿಗೆ ಕೈ ಹಾಕಿ ಸವರಿ ನೋಡಿದರೆ ಸಂದಿ ಗೊತ್ತಾಗುತ್ತದೆ. ಎಲಾಸ್ಟಿಕ್ ತೀರಾ ಬಿಗಿಯಾದರೂ ರಜಾಯಿ ಅಮುಕುತ್ತದೆ, ತೀರಾ ಸಡಿಲವಾದರೂ ಗಾಳಿ ನುಗ್ಗುತ್ತದೆ.

ಅಂಡರ್‌ಕ್ವಿಲ್ಟ್ ಸಿಗದಿದ್ದರೆ ಚಾರಣಿಗರೆಲ್ಲರ ಬಳಿಯಿರುವ ಫೋಮ್ ಮ್ಯಾಟ್ ಆದೀತು. ಎರಡು ಪದರದ ಹ್ಯಾಮಕ್ ಆದರೆ ಪದರಗಳ ನಡುವೆ ತೂರಿಸಿ, ಆಗ ಜಾರುವುದಿಲ್ಲ. ಹ್ಯಾಮಕ್‌ನ ಬಟ್ಟೆ ಭುಜವನ್ನು ಪಕ್ಕದಿಂದಲೂ ತಬ್ಬುವುದರಿಂದ ಅಲ್ಲಿಗೆ ಅಡ್ಡಲಾಗಿ ಇನ್ನೊಂದು ತುಂಡು ಬೇಕು. ನನ್ನನ್ನು ಕೇಳಿದರೆ, ಹಿಮಾಲಯಕ್ಕೆ ಅಂಡರ್‌ಕ್ವಿಲ್ಟ್ ಇದ್ದರೂ ಮ್ಯಾಟ್ ಬಿಡಬಾರದು. ಮರವಿಲ್ಲದ ರಾತ್ರಿ ನೆಲದ ಮೇಲೆ ಕಾಯುವುದು ಅದೇ.

ಟಾರ್ಪ್, ಗಾಳಿ, ಕರಡಿ

ಮಳೆ ಬರಲಿ ಬಿಡಲಿ, ಟಾರ್ಪ್ ಕಟ್ಟಿಯೇ ಮಲಗಿ. ರಾತ್ರಿ ಗುಡ್ಡದ ತಣ್ಣನೆಯ ಗಾಳಿ ಮೇಲಿಂದ ಕಣಿವೆಗೆ ಇಳಿಯುತ್ತದೆ. ಆದ್ದರಿಂದ ಮೇಲ್ಬದಿಯ ಅಂಚನ್ನು ನೆಲಕ್ಕೆ ಹತ್ತಿರ ತನ್ನಿ. ಹಳ್ಳದ ತಳದಲ್ಲಿ, ಹೊಳೆಯ ದಂಡೆಯಲ್ಲಿ ತಂಪು ಗಾಳಿ ಮಡುಗಟ್ಟುತ್ತದೆ. ಅಲ್ಲಿಂದ ಇಪ್ಪತ್ತು ಮೂವತ್ತು ಮೀಟರ್ ಮೇಲಿನ ಜಾಗ ಎಷ್ಟೋ ವಾಸಿ. ಮಳೆಯ ನೀರು ಪಟ್ಟಿಯ ಗುಂಟ ಹರಿದು ಹ್ಯಾಮಕ್ ಸೇರದಂತೆ ಟಾರ್ಪಿನಡಿ ಪಟ್ಟಿಗೊಂದು ಹತ್ತಿಯ ದಾರ ಕಟ್ಟಿ ಇಳಿಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಈ ಕಾಡುಗಳಲ್ಲಿ ಹಿಮಾಲಯದ ಕಪ್ಪು ಕರಡಿ ಇದೆ. ತಿಂಡಿಯ ಪೊಟ್ಟಣ, ಟೂತ್‌ಪೇಸ್ಟ್ ಕೂಡ ಹ್ಯಾಮಕ್‌ನಲ್ಲಿಟ್ಟು ಮಲಗಬಾರದು. ಟಾರ್ಪಿನಡಿ ಸ್ಟೌ ಹಚ್ಚಬೇಡಿ, ನೈಲಾನ್ ಕಿಡಿ ತಾಗಿದರೂ ಕರಗುತ್ತದೆ.

ಎತ್ತರ ಏರಿದಾಗ

ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ಜೂಡಾ ಕಾ ತಾಲಾಬ್‌ನಿಂದ ಬೇಸ್ ಕ್ಯಾಂಪ್‌ಗೆ ಒಂದೇ ಜಿಗಿತದಲ್ಲಿ ಸುಮಾರು 700 ಮೀಟರ್ ಏರುತ್ತೀರಿ. ರಜೆ ಇದ್ದರೆ ಕೆಳಗಿನ ಕಾಡಿನಲ್ಲೇ ಇನ್ನೊಂದು ರಾತ್ರಿ ಕಳೆಯಿರಿ. ಮೈ ಹೊಂದಿಕೊಳ್ಳುತ್ತದೆ, ಹ್ಯಾಮಕ್ ಹೊತ್ತು ತಂದದ್ದೂ ಸಾರ್ಥಕ. ನಿದ್ದೆಯಲ್ಲಿ ಉಸಿರು ಕ್ಷಣಕಾಲ ನಿಂತು ಮತ್ತೆ ಜೋರಾಗುವುದು ಎತ್ತರದಲ್ಲಿ ಸಾಮಾನ್ಯ. ಆದರೆ ತಲೆನೋವಿನ ಜೊತೆ ವಾಂತಿ, ತೂರಾಡುವ ನಡಿಗೆ, ಕೂತಲ್ಲೇ ಏದುಸಿರು ಕಂಡರೆ ಬೆಳಗಾಗಲೆಂದು ಕಾಯದೆ ಜೊತೆಗಾರರೊಂದಿಗೆ ಕೆಳಗಿಳಿಯಬೇಕು.

ಮರದ ಗೆರೆಯ ಮೇಲೆ ತಂಗಲು ಅನುಮತಿಯಿದ್ದರೆ, ಆ ರಾತ್ರಿಗೆ ಟಾರ್ಪನ್ನು ಎರಡು ಟ್ರೆಕ್ಕಿಂಗ್ ಕೋಲುಗಳಿಗೆ ಕಟ್ಟಿ ತಗ್ಗಾದ ಗುಡಾರ ಮಾಡಿ, ಮ್ಯಾಟ್ ಹಾಸಿ, ಅದರ ಮೇಲೆ ಹ್ಯಾಮಕ್ ಬಟ್ಟೆ ಹರಡಿ ಮಲಗಬಹುದು. ಬಿರುಗಾಳಿಗೆ, ಹಿಮಪಾತಕ್ಕೆ ಇದು ಸಾಲದು. ಕೇದಾರಕಂಠಕ್ಕೆ ಜನ ಮುಗಿಬೀಳುವುದು ಡಿಸೆಂಬರ್, ಜನವರಿಯ ಹಿಮಕ್ಕೆ. ಆ ತಿಂಗಳುಗಳಲ್ಲಿ ಟೆಂಟೇ ಸರಿ. ಹ್ಯಾಮಕ್‌ನ ಮೊದಲ ಪ್ರಯೋಗಕ್ಕೆ ಮೇ ತಿಂಗಳನ್ನೋ ಅಕ್ಟೋಬರ್ ಮೊದಲ ವಾರಗಳನ್ನೋ ಆರಿಸಿಕೊಳ್ಳಿ, ಸ್ಥಳೀಯ ಗೈಡ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ.